ಬೋಳು ಮ್ಯಾಪಿನಿಂದ ಶುರು: ವೆಸ್ನೋತ್‌ಗೆ ಮ್ಯಾಪ್ ಮಾಡಿದ ನನ್ನ ಅನುಭವ

ಬ್ಯಾಟಲ್ ಫಾರ್ ವೆಸ್ನೋತ್ ಅಂದರೆ ಆರು ಮೂಲೆಯ ಮನೆಗಳ (ಹೆಕ್ಸ್) ಮೇಲೆ ಸರದಿಯಂತೆ (ಟರ್ನ್) ಸೈನ್ಯ ನಡೆಸುವ ಕಂಪ್ಯೂಟರ್ ಆಟ. ಅದನ್ನು ಆಡುವವರಿಗೆ ಅದರ ಮ್ಯಾಪ್ ಎಡಿಟರ್ ಗೊತ್ತೇ ಇರುತ್ತದೆ. ಬ್ರಶ್ ಹಿಡಿದು ಎಳೆದರೆ ಕಾಡು, ಬೆಟ್ಟ, ನದಿ ಎಲ್ಲ ಬರುತ್ತದೆ. ಹಾಗಾಗಿ ಎಲ್ಲರೂ ಚಿತ್ರ ಬರೆಯುವುದರಿಂದಲೇ ಶುರು ಮಾಡುತ್ತಾರೆ. ನಾನು ಉಲ್ಟಾ ಹೋದೆ. ಬರೀ ಹುಲ್ಲು, ಎರಡು ಕೀಪ್ (ನಾಯಕ ನಿಂತು ಸೈನಿಕರನ್ನು ಸೇರಿಸಿಕೊಳ್ಳುವ ಕೋಟೆ), ಒಂದಷ್ಟು ವಿಲೇಜ್ (ಹಿಡಿದವರಿಗೆ ಗೋಲ್ಡ್ ಕೊಡುವ ಹಳ್ಳಿ). ಇಷ್ಟೇ ಇಟ್ಟು ಮೊದಲು ಆಡಿಸಿದೆ. ಕಾಡು, ಬೆಟ್ಟ ಆಮೇಲೆ. ಅಲಂಕಾರ ಎಲ್ಲಕ್ಕಿಂತ ಕೊನೆಗೆ. "ಹೀಗೆ ಮಾಡಿದ ಮ್ಯಾಪಿಗೆ ಜೀವ ಇರಲ್ಲ, ಬೋಳು ಹುಲ್ಲಿನ ಮೇಲೆ ಒಂದು ಗಂಟೆ ಯಾರು ಆಡ್ತಾರೆ?" ಅಂತ ಹಳೆ ಆಟಗಾರರು ಕೇಳಿದರು. ಈಗ ಆ ಮ್ಯಾಪನ್ನು ನನಗೆ ಪರಿಚಯವೇ ಇಲ್ಲದವರು ಹೋಸ್ಟ್ ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ದಾರಿಗೆ ಬರುವ ಮೊದಲು ಮಾಡಿದ್ದೆಲ್ಲ ಚಂದದ ಮ್ಯಾಪ್‌ಗಳೇ. ಒಂದರಲ್ಲಿ ನಡುವೆ ದೊಡ್ಡ ಕೆರೆ. ನೋಡೋಕೆ ತುಂಬಾ ಚೆನ್ನಾಗಿತ್ತು. ಆದರೆ ಆಳವಿಲ್ಲದ ನೀರಿನಲ್ಲಿ ಮರ್ಮನ್‌ಗೆ (ನೀರಿನ ಮತ್ಸ್ಯಮಾನವ) 60% ಡಿಫೆನ್ಸ್, ಅಂದರೆ ಏಟು ತಪ್ಪುವ ಸಾಧ್ಯತೆ; ಮನುಷ್ಯರಿಗೆ 20%. ನೀರು ಮೂರು ಹೆಕ್ಸ್ ಅಗಲ ಇದ್ದರೆ ಸಾಕು, ಈ ಕಡೆಯವರು ಇಳಿಯಲ್ಲ, ಆ ಕಡೆಯವರೂ ಇಳಿಯಲ್ಲ. ಮೂವತ್ತು ನಲವತ್ತು ಟರ್ನ್ ಸುಮ್ನೆ ದಡದಲ್ಲಿ ಕೂತಿರುತ್ತಾರೆ. ಇನ್ನೊಂದರಲ್ಲಿ ನಡುವಿನ ವಿಲೇಜ್ ಪಕ್ಕ ಒಂದೇ ಒಂದು ಪರ್ವತದ ಹೆಕ್ಸ್ ಇತ್ತು. ಅದರ ಮೇಲೆ ಡ್ವಾರ್ಫ್ (ಬೆಟ್ಟದ ಕುಳ್ಳ ಸೈನಿಕ) ಹತ್ತಿ ಕೂತರೆ 70% ಡಿಫೆನ್ಸ್. ಅವನನ್ನು ಅಲ್ಲಿಂದ ಎಬ್ಬಿಸೋಕೆ ಯಾರಿಗೂ ಆಗಲಿಲ್ಲ. ಮ್ಯಾಪ್ ಅಷ್ಟೊಂದು ಅಲಂಕಾರ ಆದಮೇಲೆ ಒಂದು ಬೆಟ್ಟ ತೆಗೆಯೋಕೂ ಮನಸ್ಸು ಬರಲ್ಲ ನೋಡಿ, ದೊಡ್ಡ ತೊಂದರೆ ಅದೇ. ಬೋಳು ಮ್ಯಾಪಿನಲ್ಲಿ ಆ ಮೋಹ ಇಲ್ಲ. ಬೇಡ ಅನಿಸಿದ್ದನ್ನು ಆ ಕ್ಷಣವೇ ಕಿತ್ತುಹಾಕಬಹುದು.

ಬೋಳು ಮ್ಯಾಪಿನಲ್ಲಿ ನಾನು ನೋಡಿದ್ದು ಎರಡೇ ವಿಷಯ, ಹೊತ್ತು ಮತ್ತು ಗೋಲ್ಡ್. ಮೊದಲ ಟರ್ನ್ ಮುಂಜಾವು, ನಾಲ್ಕನೆಯದು ಮುಸ್ಸಂಜೆ, ಐದು ಆರು ರಾತ್ರಿ. ಹಗಲಲ್ಲಿ ಲಾಫುಲ್ ಅನ್ನುವ ಗುಣದ ಸೈನಿಕರ ಏಟು 25% ಜಾಸ್ತಿ, ರಾತ್ರಿ ಕೇಯಾಟಿಕ್ ಅನ್ನುವವರದ್ದು ಅಷ್ಟೇ ಜಾಸ್ತಿ. ಎರಡು ಸೈನ್ಯ ಮೊದಲು ಮುಖಾಮುಖಿ ಆಗುವುದು ಮುಸ್ಸಂಜೆಗೆ ಬೀಳಬೇಕು ಅಂತ ನನ್ನ ಲೆಕ್ಕ. ಆಗ ಒಬ್ಬರು ಹಿಂದೆ ಸರಿಯಬೇಕಾ, ಇನ್ನೊಬ್ಬರು ನುಗ್ಗಬೇಕಾ ಅಂತ ಇಬ್ಬರೂ ಯೋಚಿಸಲೇಬೇಕು. ಸ್ಪಿಯರ್‌ಮನ್ (ಈಟಿಗಾರ) ಟರ್ನ್‌ಗೆ 5 ಹೆಕ್ಸ್ ನಡೆಯುತ್ತಾನೆ, ರಿಕ್ರೂಟ್ ಆದ ಟರ್ನ್‌ನಲ್ಲಿ ಅಲ್ಲಾಡಲ್ಲ. ಹಾಗಾಗಿ ಕೀಪ್‌ನಿಂದ ಕೀಪ್‌ಗೆ ನಡೆಯುವ ದಾರಿ ಸುಮಾರು 22ರಿಂದ 24 ಹೆಕ್ಸ್ ಬಂತು. ಟೆಸ್ಟ್ ಮಾಡುವಾಗ ರ‍್ಯಾಂಡಮ್ ಸ್ಟಾರ್ಟ್ ಟೈಮ್ (ಆಟ ಯಾವ ಹೊತ್ತಿಗಾದರೂ ಶುರುವಾಗುವ ಆಯ್ಕೆ) ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಏನೂ ಗೊತ್ತಾಗಲ್ಲ. ವಿಲೇಜ್‌ಗಳನ್ನು ಯಾವ ದೂರಕ್ಕೆ ಎಷ್ಟು ಇಟ್ಟೆ ಅನ್ನುವ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳೋಕೆ ಒಂದು ಮಳೆಗಾಲ ಪೂರ್ತಿ ಹೋಗಿದೆ.

ಬೆಟ್ಟ, ಕಾಡು ಸೇರಿಸುವಾಗ ಒಂದು ಕಟ್ಟುನಿಟ್ಟು ಇಟ್ಟುಕೊಂಡೆ. ಕೂರೋಕೆ ಒಳ್ಳೆಯದಾದ ಪ್ರತಿ ಹೆಕ್ಸ್‌ಗೂ, ಅದಕ್ಕೆ ಹೊಡೆಯೋಕೆ ಒಳ್ಳೆಯದಾದ ಇನ್ನೊಂದು ಹೆಕ್ಸ್ ಪಕ್ಕದಲ್ಲೇ ಇರಬೇಕು. ಡ್ವಾರ್ಫ್ ಸಮಸ್ಯೆ ಇದರಿಂದಲೇ ಮುಗಿಯಿತು.

ಎರಡೂ ಕಡೆ ಒಂದೇ ಥರ ಬರಿಸುವುದನ್ನು ಮೌಸಿನಲ್ಲಿ ಮಾಡಲೇಬೇಡಿ. ಮ್ಯಾಪ್ ಫೈಲ್ ಅಂದರೆ ಬರೀ ಅಕ್ಷರ ಮತ್ತು ಅಲ್ಪವಿರಾಮ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ಅರ್ಧ ಮಾತ್ರ ಬರೆದೆ, ಉಳಿದರ್ಧವನ್ನು ಫಾರ್ಮುಲಾ ಹಾಕಿ 180 ಡಿಗ್ರಿ ತಿರುಗಿಸಿದೆ. ಇಲ್ಲಿ ಒಂದು ಕಿರಿಕಿರಿ ಇದೆ. ಸಮ ಸಂಖ್ಯೆಯ ಕಂಬಗಳು (ಕಾಲಮ್) ಅರ್ಧ ಹೆಕ್ಸ್ ಕೆಳಗೆ ಇರುತ್ತವೆ ಅಲ್ವಾ? ಮ್ಯಾಪಿನ ಅಗಲ ಬೆಸ ಆದರೆ, ತಿರುಗಿಸಿದಾಗ ಆ ಕಂಬಗಳು ಒಂದು ಸಾಲು ಜಾರುತ್ತವೆ. ಅಗಲ ಸಮ ಆದರೆ ಸರಿಯಾಗಿ ಕೂರುತ್ತದೆ, ಆದರೆ ನಟ್ಟನಡುವೆ ಒಂದು ಹೆಕ್ಸ್ ಸಿಗಲ್ಲ. ನಾನು ಬೆಸವನ್ನೇ ಹಿಡಿದೆ, ಯಾಕೆಂದರೆ ನಡುವಿನ ಆ ಒಂದು ಹೆಕ್ಸ್ ಮೇಲೇ ಇಡೀ ಜಗಳ ನಿಂತಿದೆ. ಸುತ್ತಲಿನ ಅಂಚೂ ಫೈಲಿನಲ್ಲಿ ಇರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಆಟಗಾರರು ನಿಲ್ಲುವ ಜಾಗದ 1, 2 ನಂಬರನ್ನು ಕೈಯಲ್ಲೇ ಹಾಕಿ.

ಟೆಸ್ಟ್‌ಗೆ ಜನ ಸಿಗುವುದೇ ಕಷ್ಟ. ಯುರೋಪಿನವರು ಊಟ ಮುಗಿಸಿ ಆಡೋಕೆ ಕೂರುವಾಗ ನಮಗೆ ನಡುರಾತ್ರಿ. ಅದಕ್ಕೆ ಮೊದಲು ಎಐ ವಿರುದ್ಧ ಎಐ ಬಿಟ್ಟು, ವಿಂಡೋ ತೆರೆಯದೆ ರಾತ್ರಿಯಿಡೀ ಓಡಿಸಿದೆ. ಎಐ ಮುಂದೆ ನುಗ್ಗುವುದೇ ಜಾಸ್ತಿ, ಅದರ ಗೆಲುವು ಸೋಲು ನಂಬಬೇಡಿ. ಆದರೆ ಯಾರೂ ಹೋಗದ ಮೂಲೆ ಯಾವುದು ಅಂತ ಚೆನ್ನಾಗಿ ತೋರಿಸಿಕೊಡುತ್ತದೆ. ಆಮೇಲೆ ಮನುಷ್ಯರ ಜೊತೆ, ಇಬ್ಬರಿಗೂ ಒಂದೇ ಫ್ಯಾಕ್ಷನ್ (ಸೈನ್ಯದ ಬಣ) ಕೊಟ್ಟು, ಪ್ರತಿ ಆಟಕ್ಕೆ ಕಡೆ ಬದಲಿಸಿ ಆಡಿದೆವು. ಗೆಲುವು ಹೆಚ್ಚುಕಡಿಮೆ ಅರ್ಧಕ್ಕರ್ಧ ಬಂತು. ಎರಡು ಜನರ ಹೊಸ ಮ್ಯಾಪ್‌ಗಳಲ್ಲಿ ಇಷ್ಟು ಸಮತೂಕದ್ದು ನಾನು ಇತ್ತೀಚೆಗೆ ನೋಡಿಲ್ಲ.

ದುಡ್ಡಿನ ಮಾತು. ಬರುವುದು ಸೊನ್ನೆ. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದಾಗಿನಿಂದ ಈ ಆಟ ಉಚಿತ, ಮುಕ್ತ ಸಾಫ್ಟ್‌ವೇರ್. ಹೋಗಿದ್ದು ಮಾತ್ರ ಇದೆ. ಸೆಕೆಂಡ್ ಹ್ಯಾಂಡ್ ಮಾನಿಟರ್‌ಗೆ ಮೂರೂವರೆ ಸಾವಿರ. ಹೆಕ್ಸ್ ಹಾಳೆಗಳ ಜೆರಾಕ್ಸ್‌ಗೆ ಐನೂರರ ಹತ್ತಿರ. ಆಟದ ನಡುವೆ ಕರೆಂಟ್ ಹೋದರೆ ಎದುರಿನವನು ಕಾಯಲ್ಲ, ಹಾಗಾಗಿ ಇನ್ವರ್ಟರ್ ಬ್ಯಾಟರಿಗೆ ಹನ್ನೆರಡು ಸಾವಿರ. "ಇಷ್ಟು ಬಿಟ್ಟಿ ಕೆಲಸ ಯಾಕೋ?" ಅಂತ ಅಣ್ಣ ಕೇಳಿದ. ಒಂದು ಚಿಕ್ಕ ಕಂಪನಿಯವರು ಹದಿನೈದು ಸಾವಿರ ಕೊಡ್ತೀವಿ, ಮ್ಯಾಪ್ ನಮಗೊಬ್ಬರಿಗೇ ಬೇಕು ಅಂದರು. ಆಡ್‌ಆನ್ ಸರ್ವರಿಗೆ (ಆಟಗಾರರು ಮಾಡಿದ ಮ್ಯಾಪ್ ಹಂಚುವ ಜಾಗ) ಹಾಕಿದ್ದು ಮುಕ್ತ ಪರವಾನಗಿಯಲ್ಲಿ, ಯಾರು ಬೇಕಾದರೂ ಬದಲಿಸಿ ಹಂಚಬಹುದು. ಒಬ್ಬರಿಗೇ ಮಾರೋಕೆ ಬರಲ್ಲ ಅಂತ ಹೇಳಿ ಕಳಿಸಿದೆ. ಬೇಜಾರಿಲ್ಲ.

ನಡುವೆ ಹಂಪಿಯ ಮ್ಯಾಪ್ ಒಂದು ಮಾಡಿದೆ. ತೆಂಕಣ ದಡದಲ್ಲಿ ಹಂಪಿ, ಬಡಗಣ ದಡದಲ್ಲಿ ಆನೆಗೊಂದಿ, ನಡುವೆ ತುಂಗಭದ್ರೆ, ಎರಡೂ ಕಡೆ ಬಂಡೆಗುಡ್ಡ. ನಿಜವಾದ ಊರು ಎರಡು ಕಡೆ ಒಂದೇ ಥರ ಇರಲ್ಲ, ಹಾಗಾಗಿ ತಿರುಗಿಸುವ ಉಪಾಯ ಇಲ್ಲಿ ನಡೆಯಲಿಲ್ಲ. ಅಷ್ಟು ಬಂಡೆ ಇದ್ದರೆ ಡ್ವಾರ್ಫ್, ದೈತ್ಯ ಟ್ರೋಲ್‌ಗಳಿಗೆ ಹಬ್ಬ, ಕುದುರೆಯವರಿಗೆ ದಾರಿಯೇ ಇಲ್ಲ. ಹೊಳೆಯಲ್ಲಿ ದಾಟುವ ಜಾಗ ಎರಡರಿಂದ ನಾಲ್ಕಕ್ಕೆ ಏರಿಸಿದೆ, ಗುಡ್ಡಗಳ ನಡುವೆ ಬಾಳೆತೋಟದ ಬದಲು ಗದ್ದೆ ಬಯಲು ಬಿಟ್ಟೆ. ಈಗ ಕುದುರೆ ಓಡುತ್ತದೆ, ಆದರೆ ಬಡಗಣದವರು ಇನ್ನೂ ಸ್ವಲ್ಪ ಜಾಸ್ತಿ ಗೆಲ್ಲುತ್ತಿದ್ದಾರೆ. ಆನೆಗೊಂದಿ ಕಡೆಯ ಒಂದು ವಿಲೇಜ್ ಅನ್ನು ಹೊಳೆಯ ಹತ್ತಿರಕ್ಕೆ ಸರಿಸಿ, ಮುಂದಿನ ವಾರ ಮತ್ತೆ ಆಡಿಸುತ್ತೇನೆ.