ಹ್ಯಾಂಡ್‌ಹೆಲ್ಡ್‌ನಲ್ಲಿ ಗುರಿ ಹಿಡಿಯುವುದು: ನನ್ನ ಅನುಭವ

ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಗುಂಡು ಹಾರಿಸುವ ಫಸ್ಟ್ ಪರ್ಸನ್ ಶೂಟರ್ ಆಟಗಳಿಗೆ ಕೈಯಲ್ಲಿ ಹಿಡಿಯುವ ಕನ್ಸೋಲ್ ತಕ್ಕದ್ದಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಆಡಬಹುದು, ಚೆನ್ನಾಗಿಯೇ ಆಡಬಹುದು. ಆದರೆ ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲೇ ಆಡಲು ಕುಳಿತರೆ ಬೇಸರವಾಗುವುದು ಸಹಜ. ಎಡ ಹೆಬ್ಬೆರಳಿಗೆ ನಡಿಗೆ, ಬಲ ಹೆಬ್ಬೆರಳಿಗೆ ನೋಟ ಎಂಬ ಪದ್ಧತಿ ಟಿವಿಯ ಮುಂದೆ ದೊಡ್ಡ ಕಂಟ್ರೋಲರ್ ಹಿಡಿದು ಕುಳಿತವರಿಗಾಗಿ ಬೆಳೆದದ್ದು. ಪರದೆ ಮತ್ತು ಕಂಟ್ರೋಲರ್ ಎರಡೂ ಒಂದೇ ವಸ್ತುವಾದಾಗ ಲೆಕ್ಕ ಬದಲಾಗುತ್ತದೆ. ಈಗ ನನ್ನ ಬಳಿಯಿರುವ, ಪಿಸಿ ಆಟಗಳನ್ನು ಆಡಿಸುವ ಕೈ ಕನ್ಸೋಲ್ ಸ್ಟೀಮ್ ಡೆಕ್‌ನಲ್ಲಿ ಬಲ ಹೆಬ್ಬೆರಳಿನ ಕೆಲಸ ಮೈ ತಿರುಗಿಸುವುದು ಮಾತ್ರ. ಗುರಿ ಹಿಡಿಯುವುದು ಮಣಿಕಟ್ಟಿನ ಕೆಲಸ. ಈ ಏರ್ಪಾಡಿಗೆ ನಾನು ಹೇಗೆ ಬಂದೆ, ಅದರ ಒಂದೊಂದು ಭಾಗವನ್ನೂ ಏಕೆ ಹಾಗೆಯೇ ಇಟ್ಟುಕೊಂಡಿದ್ದೇನೆ ಎಂಬುದನ್ನು ಬರೆಯುತ್ತೇನೆ.

ನಾನು ಮೊದಲು ಆಡಿದ್ದು ಸೋನಿಯ ಕೈ ಕನ್ಸೋಲ್ ಪಿಎಸ್‌ಪಿಯಲ್ಲಿ. 2004ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಆ ಯಂತ್ರಕ್ಕೆ ಎಡಗಡೆ ಒಂದೇ ಒಂದು ಅನಲಾಗ್ ಗುಬುಟು. ಬಲಗಡೆ ನಾಲ್ಕು ಬಟನ್‌ಗಳು. ಹಾಗಾಗಿ ಅಲ್ಲಿನ ಶೂಟರ್‌ಗಳಲ್ಲಿ ಗುಬುಟಿನಿಂದ ನಡೆದು, ತ್ರಿಕೋನ, ವೃತ್ತ, ಚೌಕ, ಗುಣಕ ಚಿಹ್ನೆಗಳ ಬಟನ್‌ಗಳಿಂದ ನೋಟ ತಿರುಗಿಸುವ ವ್ಯವಸ್ಥೆ ಸಾಮಾನ್ಯವಾಗಿತ್ತು. ಬಟನ್‌ಗೆ ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಸ್ಥಿತಿ. ಸ್ವಲ್ಪ ಬಲಕ್ಕೆ ಎಂದು ಅದಕ್ಕೆ ಹೇಳಲು ಬರುವುದಿಲ್ಲ. ದೂರದಲ್ಲಿ ನಿಂತ ಶತ್ರುವಿನ ಮೇಲೆ ಗುರಿ ಕೂರಿಸಲು ಬಟನ್ನನ್ನು ಟಕಟಕನೆ ತಟ್ಟುತ್ತಾ ಇರಬೇಕಾಗಿತ್ತು, ಅಷ್ಟರಲ್ಲಿ ಅವನು ಸರಿದಿರುತ್ತಿದ್ದ. ಕಿಲ್‌ಜೋನ್ ಸರಣಿ 2006ರಲ್ಲಿ ಪಿಎಸ್‌ಪಿಗೆ ಬಂದಾಗ ಅದು ಮೇಲಿನಿಂದ ನೋಡುವ ಆಟವಾಗಿ ಬಂತು. ಅದೇ ಸರಣಿಯನ್ನು ಕೈಯಲ್ಲಿ ಹಿಡಿದು ಫಸ್ಟ್ ಪರ್ಸನ್‌ನಲ್ಲಿ ಆಡಲು 2013ರಲ್ಲಿ ಪಿಎಸ್‌ಪಿಯ ಉತ್ತರಾಧಿಕಾರಿ ವೀಟಾಗೆ ಬಂದ ಕಿಲ್‌ಜೋನ್: ಮರ್ಸೆನರಿಯವರೆಗೆ ಕಾಯಬೇಕಾಯಿತು. ವೀಟಾಗೆ ಎರಡು ಸ್ಟಿಕ್‌ಗಳಿದ್ದವು. ಅವು ಗಿಡ್ಡ, ಚಲಿಸುವ ದೂರವೂ ಕಡಿಮೆ. ಕೂದಲೆಳೆಯಷ್ಟು ಹೆಚ್ಚು ತಳ್ಳಿದರೆ ನೋಟ ಗುರಿಯನ್ನು ದಾಟಿ ಹೋಗುತ್ತಿತ್ತು.

ಇದಕ್ಕೆ ನಿಜವಾದ ಬೇರೆ ಉತ್ತರ ಕೊಟ್ಟದ್ದು ನಿಂಟೆಂಡೊ ಡಿಎಸ್. 2006ರಲ್ಲಿ ಬಂದ ಮೆಟ್ರಾಯ್ಡ್ ಪ್ರೈಮ್ ಹಂಟರ್ಸ್‌ನಲ್ಲಿ ಎಡ ಹೆಬ್ಬೆರಳು ನಡೆಯಲು ಬಳಸುವ ನಾಲ್ಕು ದಿಕ್ಕಿನ ಡಿ-ಪ್ಯಾಡ್ ಮೇಲೆ, ಎಡ ತೋರುಬೆರಳು ಗುಂಡು ಹಾರಿಸುವ ಎಲ್ ಬಟನ್ ಮೇಲೆ, ಬಲಗೈಯಲ್ಲಿ ಸ್ಟೈಲಸ್. ಕೆಳಗಿನ ಪರದೆಯ ಮೇಲೆ ಸ್ಟೈಲಸ್ ಎಳೆದಷ್ಟೇ ನೋಟ ತಿರುಗುತ್ತಿತ್ತು, ಎಳೆಯುವುದು ನಿಲ್ಲಿಸಿದ ಕಡೆಯೇ ನಿಲ್ಲುತ್ತಿತ್ತು. ಎರಡು ಸಲ ತಟ್ಟಿದರೆ ಜಿಗಿತ. ಅಷ್ಟು ಕರಾರುವಾಕ್ಕಾದ ಗುರಿಯನ್ನು ಅದಕ್ಕೂ ಮೊದಲು ಯಾವ ಕೈ ಕನ್ಸೋಲಿನಲ್ಲೂ ನಾನು ಕಂಡಿರಲಿಲ್ಲ. ಆದರೆ ಯಂತ್ರದ ಇಡೀ ಭಾರ ಎಡಗೈಗೆ ಬೀಳುತ್ತಿತ್ತು. ಮೊದಲ ಡಿಎಸ್ 275 ಗ್ರಾಂ. ಕೇಳಲು ಕಡಿಮೆಯೆನಿಸಿದರೂ ಆ ಭಾರವನ್ನು ಹೊರುತ್ತಲೇ ಅದೇ ಕೈಯ ಎರಡು ಬೆರಳುಗಳು ಬಿಡುವಿಲ್ಲದೆ ಒತ್ತುತ್ತಿರಬೇಕು. ಬೆರಳ ಗಂಟುಗಳು ಹಿಡಿದುಕೊಂಡು, ಆಟ ನಿಲ್ಲಿಸಿ ಕೈ ಕೊಡವಿ ಮತ್ತೆ ಕೂರುತ್ತಿದ್ದೆ.

ಸ್ಟೈಲಸ್ ಅಷ್ಟು ಹಿತವೆನಿಸಿದ್ದಕ್ಕೂ ಸ್ಟಿಕ್ ಅಷ್ಟು ಕಾಡಿದ್ದಕ್ಕೂ ಕಾರಣ ಒಂದೇ. ಸ್ಟಿಕ್ ಹೇಳುವುದು ವೇಗವನ್ನು. ಅರ್ಧ ತಳ್ಳಿದರೆ ನೋಟ ಅರ್ಧ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಕಣ್ಣು ನೋಡಿ, ಮನಸ್ಸು ಅಂದಾಜು ಮಾಡಿ, ಸರಿಯಾದ ಕ್ಷಣಕ್ಕೆ ಹೆಬ್ಬೆರಳು ಸ್ಟಿಕ್ಕನ್ನು ನಡುವಿಗೆ ತರಬೇಕು. ಮೌಸ್ ಮತ್ತು ಸ್ಟೈಲಸ್ ಹೇಳುವುದು ಅಂತರವನ್ನು: ಇಷ್ಟು ಸರಿಸಿದೆ, ಇಷ್ಟು ತಿರುಗು. ಕೈಗೆ ಈ ಎರಡನೆಯ ಭಾಷೆ ಹುಟ್ಟಿನಿಂದಲೇ ಬರುತ್ತದೆ. ಟಿವಿ ಕನ್ಸೋಲುಗಳು ಮೊದಲನೆಯದರ ಕುಂದನ್ನು ಮುಚ್ಚಲು ಏಮ್ ಅಸಿಸ್ಟ್ ಎಂಬ ನೆರವನ್ನು ಬೆಳೆಸಿದವು. ಗುರಿ ಶತ್ರುವಿನ ಹತ್ತಿರ ಬಂದಾಗ ಆಟವೇ ವೇಗ ತಗ್ಗಿಸುತ್ತದೆ ಅಥವಾ ನೋಟವನ್ನು ಅತ್ತ ಎಳೆಯುತ್ತದೆ. ನನಗೆ ಅದು ರುಚಿಸುವುದಿಲ್ಲ. ಗುಂಡು ತಗುಲಿದರೆ ಅದು ನನ್ನ ಕೈಯಿಂದಲೇ ತಗುಲಬೇಕು.

ಗೈರೊ ನನ್ನ ಮನಸ್ಸು ಗೆದ್ದದ್ದು ಇಲ್ಲಿಯೇ. ಯಂತ್ರದೊಳಗಿನ ಆ ಸಂವೇದಕ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಿದಿರಿ ಎಂಬುದನ್ನು ಅಳೆಯುತ್ತದೆ, ತಂತ್ರಾಂಶ ಅದನ್ನು ಕೂಡಿಸಿ ನೋಟದ ತಿರುವಾಗಿ ಮಾಡುತ್ತದೆ. ಫಲ ಮೌಸ್‌ನದ್ದೇ, ಮೇಜು ಮಾತ್ರ ಬೇಕಿಲ್ಲ. ನಿಂಟೆಂಡೊ ಸ್ವಿಚ್‌ನಲ್ಲಿ ಸ್ಪ್ಲಾಟೂನ್ 2 ಇದನ್ನು ಮೊದಲ ದಿನದಿಂದಲೇ ಕಲಿಸಿತು. ಅದರಲ್ಲಿ ಗೈರೊ ಚಾಲೂ ಇದ್ದಾಗ ಬಲ ಸ್ಟಿಕ್ ಅಡ್ಡಡ್ಡ ಮಾತ್ರ ತಿರುಗಿಸುತ್ತದೆ. ಮೇಲೆ ಕೆಳಗೆ ನೋಡುವುದು ಪೂರ್ತಿ ಕೈಯ ಓಲಾಟದ್ದು. 2017ರ ನವೆಂಬರ್‌ನಲ್ಲಿ ಸ್ವಿಚ್‌ಗೆ ಬಂದ ಡೂಮ್‌ಗೆ ಮರುವರ್ಷ ಅಪ್‌ಡೇಟ್ ಮೂಲಕ ಗೈರೊ ಸೇರಿತು. ಸೇರುವ ಮೊದಲು ಮತ್ತು ನಂತರ ಅದೇ ಆಟವನ್ನು ಆಡಿದವನಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ನಮ್ಮಲ್ಲಿ ಇದನ್ನು ಹೊಸದೆಂದು ಪರಿಚಯಿಸಬೇಕಾಗಿಯೂ ಇಲ್ಲ. ಮೊಬೈಲಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವ ಹುಡುಗರಲ್ಲಿ ಎಷ್ಟೋ ಮಂದಿ ಗೈರೊವನ್ನು ಸ್ಕೋಪ್ ತೆರೆದಾಗ ಮಾತ್ರ ಅಥವಾ ಸದಾ ಚಾಲೂ ಇಟ್ಟುಕೊಂಡು ಬಂದೂಕಿನ ನೆಗೆತವನ್ನು ಹಿಡಿದಿಡುವುದನ್ನು ತಾವಾಗಿಯೇ ಕಲಿತಿದ್ದಾರೆ.

ಡೆಕ್ ಬಂದ ಮೇಲೆ ನನ್ನ ಕೆಲಸ ಸಲೀಸಾಯಿತು, ಏಕೆಂದರೆ ನಿಯಂತ್ರಣಗಳನ್ನು ಹೊಂದಿಸುವ ಅದರ ತಂತ್ರಾಂಶ ಸ್ಟೀಮ್ ಇನ್‌ಪುಟ್ ಎಲ್ಲವನ್ನೂ ಬಿಚ್ಚಿ ನಮ್ಮ ಮುಂದಿಡುತ್ತದೆ. ಹೊಂದಿಸಲು ನಾನು ಹಾಫ್-ಲೈಫ್ 2 ತೆರೆಯುತ್ತೇನೆ. ಮೊದಲಿಗೆ ಡೆಕ್ಕನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಗೈರೊ ಕ್ಯಾಲಿಬ್ರೇಟ್ ಮಾಡುತ್ತೇನೆ. ಇಲ್ಲವಾದರೆ ಸುಮ್ಮನೆ ಹಿಡಿದಿದ್ದರೂ ನೋಟ ಒಂದು ಕಡೆಗೆ ನಿಧಾನವಾಗಿ ಜಾರುತ್ತಿರುತ್ತದೆ. ನೋಟ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಎಷ್ಟು ಸರಿಯಬೇಕು ಎಂಬುದಕ್ಕೆ ಸ್ಟೀಮ್ ಇನ್‌ಪುಟ್‌ನಲ್ಲಿ ಒಂದು ಅಂಕಿಯಿದೆ. ಆಮೇಲೆ ಆಟದೊಳಗೆ ಒಂದು ಕಂಬದ ಅಂಚಿಗೆ ಗುರಿಯಿಟ್ಟು ನಿಂತು, ಒಂದು ಪೂರ್ತಿ ಸುತ್ತು ಹಾಕಿಸಿ, ಗುರಿ ಮತ್ತೆ ಅದೇ ಅಂಚಿಗೆ ಬಂದು ಕೂರುವ ತನಕ ಆ ಅಂಕಿಯನ್ನು ತಿದ್ದುತ್ತೇನೆ. ಇದಾದ ಮೇಲೆ ಆಟದ ಡಿಗ್ರಿಗೂ ನನ್ನ ಕೈಯ ಡಿಗ್ರಿಗೂ ನಿಜವಾದ ಅನುಪಾತ ಸಿಗುತ್ತದೆ, ಒಂದು ಆಟದಲ್ಲಿ ಕೈಗೆ ಹತ್ತಿದ್ದು ಇನ್ನೊಂದರಲ್ಲೂ ಹಾಗೆಯೇ ನಡೆಯುತ್ತದೆ.

ಅನುಪಾತ ಎಷ್ಟಿರಬೇಕು? ಟಿವಿಗೆ ಆಡುವಾಗ ಕೈ ಎಷ್ಟೇ ತಿರುಗಿದರೂ ಪರದೆ ಇದ್ದಲ್ಲೇ ಇರುತ್ತದೆ. ಕೈಯಲ್ಲೇ ಪರದೆ ಇರುವಾಗ ಕೈ ತಿರುಗಿದಷ್ಟೂ ಚಿತ್ರ ಓರೆಯಾಗುತ್ತದೆ, ಹೊಳಪು ಪರದೆಯಾದರೆ ಕಿಟಕಿಯ ಬೆಳಕೂ ಬಂದು ಕೂರುತ್ತದೆ. ಹತ್ತು ಡಿಗ್ರಿ ಆಚೀಚೆ ಆಗುವುದನ್ನು ಕಣ್ಣು ಗಮನಿಸುವುದೇ ಇಲ್ಲ; ಮೂವತ್ತಾದರೆ ಕತ್ತು ಹಿಂಬಾಲಿಸಬೇಕಾಗುತ್ತದೆ. ಅದಕ್ಕೇ ನಾನು ಮೂರೂವರೆ ಪಟ್ಟು ಇಟ್ಟಿದ್ದೇನೆ. ಕೈ 10 ಡಿಗ್ರಿ ತಿರುಗಿದರೆ ನೋಟ 35 ಡಿಗ್ರಿ. ಗುರಿಯನ್ನು ತಲೆಯಿಂದ ಎದೆಗೆ, ಎದೆಯಿಂದ ಪಕ್ಕದವನಿಗೆ ಒಯ್ಯಲು ಇಷ್ಟು ಧಾರಾಳ ಸಾಕು. ಹಿಂದಕ್ಕೆ ತಿರುಗುವುದು ಗೈರೊದ ಕೆಲಸವೇ ಅಲ್ಲ, ಅದಕ್ಕೆ ಸ್ಟಿಕ್ ಇದೆ.

ಅಕ್ಷದ ಆಯ್ಕೆಯನ್ನು ಬಹಳ ಜನ ನೋಡದೆ ದಾಟಿಬಿಡುತ್ತಾರೆ. ತೊಡೆಯ ಮೇಲೆ ಕೈಯಿಟ್ಟು ಆಡುವಾಗ ಯಂತ್ರ ಹಿಂದಕ್ಕೆ ಒರಗಿರುತ್ತದೆ. ಆಗ ನಾವು ಎಡಕ್ಕೆ ಬಲಕ್ಕೆ ಎಂದುಕೊಂಡು ಮಾಡುವ ಚಲನೆ ಯಂತ್ರದ ದೃಷ್ಟಿಯಲ್ಲಿ ಭಾಗಶಃ ತಿರುಗುವಿಕೆ, ಭಾಗಶಃ ಸ್ಟೀರಿಂಗ್‌ನಂತಹ ಓಲಾಟ. ಪ್ಲೇಯರ್ ಸ್ಪೇಸ್ ಎಂಬ ಆಯ್ಕೆ ಗುರುತ್ವದ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇವೆರಡನ್ನೂ ಸರಿಹೊಂದಿಸುತ್ತದೆ. ನೆಟ್ಟಗೆ ಕುಳಿತರೂ ದಿಂಬಿಗೆ ಒರಗಿದರೂ ಒಂದೇ ಬಗೆಯಲ್ಲಿ ಆಡಲು ಸಾಧ್ಯವಾಗಿರುವುದು ಅದರಿಂದ.

ಇಷ್ಟೆಲ್ಲ ಹೊಂದಿಸಿದರೂ ಗೈರೊ ಯಾವಾಗ ಚಾಲೂ ಇರಬೇಕು ಎಂಬುದೇ ನನ್ನ ಪ್ರಕಾರ ಇಡೀ ಏರ್ಪಾಡಿನ ಜೀವ. ಡೆಕ್‌ನ ಸ್ಟಿಕ್‌ಗಳ ತಲೆ ಬೆರಳಿನ ಸ್ಪರ್ಶವನ್ನು ಗುರುತಿಸುತ್ತದೆ. ಬಲ ಸ್ಟಿಕ್ ಮೇಲೆ ಹೆಬ್ಬೆರಳು ಇದ್ದಾಗ ಮಾತ್ರ ಗೈರೊ ಚಾಲೂ, ಎತ್ತಿದರೆ ಬಂದ್ ಎಂದು ಇಟ್ಟಿದ್ದೇನೆ. ಅಕ್ಕನ ಮಗನಿಗೆ ಆಡಲು ಕೊಟ್ಟಾಗ ಅವನು ಹತ್ತೇ ನಿಮಿಷದಲ್ಲಿ ಕೇಳಿದ: "ಮಾವ, ಬೆರಳು ಎತ್ತಿದರೆ ಗುರಿ ನಿಂತುಬಿಡುತ್ತದೆ, ನೀವು ಬೇಕೆಂದೇ ಹೀಗೆ ಮಾಡಿದ್ದೀರಾ?" ಮೊಬೈಲಿನಲ್ಲಿ ಸದಾ ಚಾಲೂ ಇಟ್ಟು ರೂಢಿಯಾದ ಕೈ ಅದು. ನಾನು ಯಂತ್ರವನ್ನು ಬಲಕ್ಕೆ ತಿರುಗಿಸಿ, ಹೆಬ್ಬೆರಳು ಎತ್ತಿ, ಯಂತ್ರವನ್ನು ನಡುವಿಗೆ ತಂದು, ಬೆರಳು ಮತ್ತೆ ಇಟ್ಟು ತೋರಿಸಿದೆ. ನೋಟ ಬಲಕ್ಕೇ ಉಳಿಯಿತು, ಕೈ ಮಾತ್ರ ಹಿಂದಿರುಗಿತು. ಮೌಸ್ ಪ್ಯಾಡಿನ ಅಂಚಿಗೆ ಬಂದಾಗ ಎತ್ತಿ ನಡುವಿಗೆ ಇಡುತ್ತೇವಲ್ಲ, ಅದೇ ಚಲನೆ. ಆ ಮೇಲೆ ಅವನು ಹಾಫ್-ಲೈಫ್ 2ರ ರೇವನ್‌ಹೋಮ್ ಅಧ್ಯಾಯದ ಮಾಳಿಗೆಯ ಅಂಚಿನಲ್ಲಿ ನಿಂತು, ಮಳೆನೀರಿನ ಕೊಳವೆ ಹಿಡಿದು ಏರಿ ಬರುವ ಜೋಂಬಿಗಳ ಮೇಲೆ ಶಾಟ್‌ಗನ್ ಬಾಗಿಸಿ ಕಾದ. ಸ್ಟಿಕ್‌ನಲ್ಲಿ ಕೆಳಗೆ ನೋಡಿದರೆ ಕೊಳವೆ ದಾಟಿ ನೆಲಕ್ಕೇ ಹೋಗುತ್ತಿದ್ದ ನೋಟ ಈಗ ಕೊಳವೆಯ ಗೆರೆಯ ಮೇಲೆಯೇ ಮೇಲೆ ಕೆಳಗೆ ಸರಿಯುತ್ತಿತ್ತು.

ಬೆರಳು ಎತ್ತಿದರೆ ಗುರಿ ನಿಲ್ಲುತ್ತದೆ ಎಂದ ಮೇಲೆ ಜಿಗಿಯಲು, ಮದ್ದು ತುಂಬಲು ಹೆಬ್ಬೆರಳು ಮುಂದಿನ ಬಟನ್‌ಗಳಿಗೆ ಹೋಗುವಂತಿರಬಾರದು. ಡೆಕ್‌ನ ಬೆನ್ನಿಗೆ ನಾಲ್ಕು ಬಟನ್‌ಗಳಿವೆ. ಬಲಗಡೆಯ ಎರಡಕ್ಕೆ ಜಿಗಿತ ಮತ್ತು ರೀಲೋಡ್, ಎಡಗಡೆಯ ಎರಡಕ್ಕೆ ಕುಕ್ಕರಿಸುವುದು ಮತ್ತು ಓಟ. ಉಂಗುರ ಬೆರಳುಗಳಿಗೆ ಮೊದಮೊದಲು ಒಗ್ಗುವುದಿಲ್ಲ. ಬಿಡದೆ ಆಡಿದರೆ ಒಗ್ಗುತ್ತದೆ. ಟ್ರಿಗರ್ ವಿಷಯವನ್ನೂ ಹೇಳಬೇಕು. ಅದನ್ನು ತಳದವರೆಗೆ ಎಳೆದಾಗ ಯಂತ್ರ ತುಸು ವಾಲುತ್ತದೆ, ಗುರಿ ಆ ಕ್ಷಣದಲ್ಲೇ ಅಲುಗುತ್ತದೆ. ಟ್ರಿಗರ್ ಕೆಳಗಿಳಿಯಲು ಆರಂಭಿಸುತ್ತಿದ್ದಂತೆಯೇ ಗುಂಡು ಹಾರುವ ಹಾಗೆ ಹೊಂದಿಸಿದ ಮೇಲೆ ಒಂದೊಂದೇ ಗುಂಡು ಹಾರಿಸುವ ಬಂದೂಕುಗಳಲ್ಲಿ ನನ್ನ ಕೈ ಎದ್ದು ಕಾಣುವಷ್ಟು ಸುಧಾರಿಸಿತು.

ಎಲ್ಲ ಆಟಗಳೂ ಇದಕ್ಕೆ ಸಹಕರಿಸುವುದಿಲ್ಲ. ಗೈರೊ ಮೌಸ್ ಆಗಿ, ಉಳಿದದ್ದು ಗೇಮ್‌ಪ್ಯಾಡ್ ಆಗಿ ಹೋದಾಗ ಕೆಲವು ಆಟಗಳು ಗೊಂದಲಕ್ಕೆ ಬಿದ್ದು ತೆರೆಯ ಮೇಲಿನ ಬಟನ್ ಚಿತ್ರಗಳನ್ನು ಕ್ಷಣಕ್ಕೊಮ್ಮೆ ಬದಲಿಸುತ್ತವೆ. ಕೆಲವು ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕುತ್ತವೆ. ಅಂಥಲ್ಲಿ ಎರಡು ದಾರಿ. ಎಲ್ಲವನ್ನೂ ಕೀಬೋರ್ಡ್ ಮತ್ತು ಮೌಸ್ ಎಂದೇ ಕಳಿಸುವುದು ಒಂದು: ಗುರಿ ಶುದ್ಧವಾಗಿರುತ್ತದೆ, ಆದರೆ ನಡಿಗೆಗೆ ಎಂಟೇ ದಿಕ್ಕು ಉಳಿಯುತ್ತದೆ, ಮೆಲ್ಲನೆ ನಡೆಯುವ ಅನುಕೂಲ ಹೋಗುತ್ತದೆ. ಗೈರೊವನ್ನೇ ಬಲ ಸ್ಟಿಕ್‌ನ ವೇಷದಲ್ಲಿ ಕಳಿಸುವುದು ಇನ್ನೊಂದು. ಆಗ ಆಟದ ಡೆಡ್‌ಝೋನ್, ಅಂದರೆ ಸ್ಟಿಕ್‌ನ ನಡುವಿನಲ್ಲಿ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ, ಸಣ್ಣ ಚಲನೆಗಳನ್ನೆಲ್ಲ ನುಂಗುತ್ತದೆ. ಆಟದ ಡೆಡ್‌ಝೋನನ್ನು ಆದಷ್ಟು ಇಳಿಸಿ, ಸ್ಟೀಮ್ ಇನ್‌ಪುಟ್‌ನಲ್ಲಿ ಕನಿಷ್ಠ ಮಟ್ಟವನ್ನು ಅದರ ಆಚೆಗೆ ಏರಿಸಬೇಕು. ಇದು ಎರಡನೆಯ ದರ್ಜೆಯ ಪರಿಹಾರ. ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಚಿತ್ರದ ವೇಗವೂ ಇಲ್ಲಿ ನಿಯಂತ್ರಣದ ಭಾಗವೇ. ಸೆಕೆಂಡಿಗೆ 30 ಚಿತ್ರಗಳಾದರೆ ಒಂದೊಂದರ ನಡುವೆ 33 ಮಿಲಿಸೆಕೆಂಡ್ ಅಂತರ. ಸ್ಟಿಕ್ ಅದನ್ನು ಮರೆಮಾಚುತ್ತದೆ, ಗೈರೊ ಮರೆಮಾಚುವುದಿಲ್ಲ. ಕೈ ಮುಂದೆ, ಚಿತ್ರ ಹಿಂದೆ ಎಂಬುದು ನೇರವಾಗಿ ಬೆರಳಿಗೆ ತಟ್ಟುತ್ತದೆ. 60 ಸಿಗದ ಆಟಗಳಲ್ಲಿ ಪರದೆಯನ್ನು 40 ಹರ್ಟ್ಸ್‌ಗೆ ಇಟ್ಟು 40 ಚಿತ್ರಗಳಿಗೆ ಕಟ್ಟಿಹಾಕುತ್ತೇನೆ. ಆಗ ಅಂತರ 25 ಮಿಲಿಸೆಕೆಂಡ್, ಅಂದರೆ 30 ಮತ್ತು 60ರ ಅಂತರಗಳ ಸರಿಯಾದ ನಡು. ಅದಕ್ಕಾಗಿ ನೆರಳು, ಪ್ರತಿಫಲನಗಳ ಗುಣಮಟ್ಟವನ್ನು ಮರುಯೋಚನೆಯಿಲ್ಲದೆ ಇಳಿಸುತ್ತೇನೆ.

ಆಟ ತಯಾರಕ ಜಿಬ್ ಸ್ಮಾರ್ಟ್ ರೂಪಿಸಿದ ಫ್ಲಿಕ್ ಸ್ಟಿಕ್ ಪದ್ಧತಿಯನ್ನೂ ಬಳಸುತ್ತೇನೆ. ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳುತ್ತೀರೋ ನೋಟ ಆ ದಿಕ್ಕಿಗೆ ಒಮ್ಮೆಲೇ ಹೊರಳುತ್ತದೆ; ಹಾಗೆಯೇ ಹಿಡಿದು ವೃತ್ತಾಕಾರವಾಗಿ ಸುತ್ತಿದರೆ ಅಷ್ಟೇ ಕೋನ ತಿರುಗುತ್ತದೆ. ಎಲ್ಲ ಕಡೆಯಿಂದ ಶತ್ರುಗಳು ಮುತ್ತುವ ಡೂಮ್ ಬಗೆಯ ಆಟಗಳಿಗೆ ಇದಕ್ಕೆ ಸಾಟಿಯಿಲ್ಲ. ನಿಧಾನವಾಗಿ ಸುತ್ತ ನೋಡುತ್ತಾ ನಡೆಯುವ ಆಟಗಳಲ್ಲಿ ಆ ದಿಢೀರ್ ಹೊರಳು ತಲೆ ತಿರುಗಿಸುತ್ತದೆ, ಅಲ್ಲಿ ಮಾಮೂಲಿ ಸ್ಟಿಕ್ಕೇ ಇರಲಿ.

ಮೊದಲ ಡೆಕ್‌ನ ತೂಕ 669 ಗ್ರಾಂ. ಮೊಬೈಲಿನ ಹಾಗೆ ಗಾಳಿಯಲ್ಲಿ ಹಿಡಿದು ಗೈರೊ ಆಡಿದರೆ ಕೈ ನಡುಗುತ್ತದೆ, ನಡುಕವೂ ಮೂರೂವರೆ ಪಟ್ಟು ಹಿಗ್ಗಿ ಗುರಿಗೆ ಸೇರುತ್ತದೆ. ಮೊಣಕೈಗಳನ್ನು ಪಕ್ಕೆಗೋ ದಿಂಬಿಗೋ ಆನಿಸಿ, ಮಣಿಕಟ್ಟುಗಳಷ್ಟೇ ಸ್ವತಂತ್ರವಾಗಿರುವಂತೆ ಕೂರಬೇಕು. ಓಡುವ ಬಸ್ಸಿನಲ್ಲಂತೂ ಗೈರೊ ನಡೆಯದು. ಸಂವೇದಕಕ್ಕೆ ತಿರುಗಿದ್ದು ನನ್ನ ಕೈಯೋ ಬಸ್ಸೋ ಗೊತ್ತಾಗುವುದಿಲ್ಲ. ಆಗುಂಬೆಯ ಒಂದು ತಿರುವಿನಲ್ಲಿ ಬಸ್ಸು ಹತ್ತು ಸೆಕೆಂಡಿಗೆ ಅರ್ಧ ಸುತ್ತು ಹೊರಳಿತೆಂದರೆ ಸೆಕೆಂಡಿಗೆ 18 ಡಿಗ್ರಿ. ನನ್ನ ಅನುಪಾತದಲ್ಲಿ ನೋಟ ಸೆಕೆಂಡಿಗೆ 63 ಡಿಗ್ರಿಯಂತೆ ತಾನಾಗಿ ಸುತ್ತುತ್ತಿರುತ್ತದೆ. ಪ್ರಯಾಣಕ್ಕೆಂದೇ ನಾನು ಪ್ರತಿ ಆಟಕ್ಕೂ ಇನ್ನೊಂದು ವಿನ್ಯಾಸ ಉಳಿಸಿಕೊಂಡಿದ್ದೇನೆ. ಅದರಲ್ಲಿ ಗೈರೊ ಪೂರ್ತಿ ಬಂದ್, ಬಲಗಡೆಯ ಟ್ರ್ಯಾಕ್‌ಪ್ಯಾಡ್ ಮೌಸ್ ಆಗಿ ಕೆಲಸ ಮಾಡುತ್ತದೆ. 32.5 ಮಿಲಿಮೀಟರ್ ಚೌಕದ ಆ ಜಾಗದಲ್ಲಿ ಬೆರಳನ್ನು ಜಾರಿಸಿ ಬಿಟ್ಟರೆ ನೋಟ ಸ್ವಲ್ಪ ದೂರ ಉರುಳಿ ನಿಲ್ಲುವ ಹಾಗೆ ಟ್ರ್ಯಾಕ್‌ಬಾಲ್ ಗುಣವನ್ನೂ ಸೇರಿಸಿದ್ದೇನೆ, ಹಿಂದೆ ತಿರುಗಲು ಒಂದೇ ಜಾರಿಕೆ ಸಾಕಾಗುತ್ತದೆ. ಗೈರೊದಷ್ಟು ನಯ ಅದಕ್ಕಿಲ್ಲ. ಆದರೂ ಸ್ಟಿಕ್‌ಗಿಂತ ಮೇಲು, ಘಾಟಿ ಮುಗಿಯುವ ತನಕ ಆಟ ಮುಂದುವರಿಯುತ್ತದೆ.