ಟಾರ್ಕ್ ರಾಡ್ ಬದಲಿಸಿದರೂ ಬುಷ್ ಬೇಗ ಹೋಗುತ್ತಿದೆಯಾ? ಬೋಲ್ಟ್ ಬಿಗಿ ಮಾಡುವ ಹೊತ್ತು ನೋಡಿ

ಕ್ಲಚ್ ಬಿಟ್ಟ ತಕ್ಷಣ ಹಿಂದುಗಡೆ ‘ಠಣ್’ ಅಂತ ಒಂದು ಸದ್ದು, ಬ್ರೇಕ್ ಒತ್ತಿದಾಗ ಇನ್ನೊಂದು. ಸಂಡೂರು, ಹೊಸಪೇಟೆ ಕಡೆ ಅದಿರು ಹೊರುವ ಹತ್ತು ಚಕ್ರದ ಟಿಪ್ಪರ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಹೆಚ್ಚಿನವರು ಮೊದಲು ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ) ಕ್ರಾಸ್, ಅಂದರೆ ಅದರ ಕೀಲು, ಬದಲಿಸುತ್ತಾರೆ, ದುಡ್ಡು ಹೋಗುತ್ತದೆ, ಸದ್ದು ಹೋಗಲ್ಲ. ಹಿಂದಿನ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳು, ಟಾರ್ಕ್ ರಾಡ್ ಕಡೆಗೂ ಒಮ್ಮೆ ನೋಡಿ. ಅದರ ತುದಿಯಲ್ಲಿ ರಬ್ಬರ್ ಬುಷ್, ಬುಷ್ ನಡುವೆ ಬ್ರಾಕೆಟ್‌ಗೆ ಬೋಲ್ಟ್ ಆಗುವ ಪಿನ್ ಇರುತ್ತದೆ.

ಹಿಂದಿನ ಎರಡು ಆಕ್ಸಲ್ ಒಂದೇ ಸ್ಪ್ರಿಂಗ್ ಜೋಡಿ ಹಂಚಿಕೊಳ್ಳುವ ಬೋಗಿ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಪಟ್ಟಿಯ ತುದಿ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಮೇಲೆ ಸುಮ್ನೆ ಕೂತಿರುತ್ತದೆ. ಭಾರ ಹೊರುವುದಷ್ಟೇ ಅದರ ಕೆಲಸ. ಹೌಸಿಂಗ್ ಹಿಂದೆ ಮುಂದೆ ಸರಿಯದಂತೆ, ಎಳೆತಕ್ಕೂ ಬ್ರೇಕಿಗೂ ತಿರುಗದಂತೆ ಹಿಡಿಯುವುದು ರಾಡ್‌ಗಳೇ. ಮೇಲಿನದು ವಿ ಆಕಾರದ್ದಾದರೆ ಅಡ್ಡಕ್ಕೆ ಜಾರದಂತೆಯೂ ಅದೇ ತಡೆಯುತ್ತದೆ. ಬುಷ್ ಸವೆದರೆ ಹೌಸಿಂಗ್ ಓರೆಯಾಗುತ್ತದೆ, ಟೈರ್ ಒಂದೇ ಕಡೆ ತಿನ್ನುತ್ತದೆ.

ಪರೀಕ್ಷೆ ಸುಲಭ. ಗಾಡಿ ಖಾಲಿ ಮಾಡಿ, ಸಮತಟ್ಟು ನೆಲದಲ್ಲಿ ನೇರವಾಗಿ ನಿಲ್ಲಿಸಿ. ಮುಂದಿನ ಚಕ್ರಗಳ ಹಿಂದೆ ಮುಂದೆ ದಿಮ್ಮಿ ಇಡಿ. ರಾಡಿನ ತುದಿಗೂ ಬ್ರಾಕೆಟ್‌ಗೂ ನಡುವೆ ಹಾರೆ ಕೊಟ್ಟು ಮೀಟಿ. ರಬ್ಬರ್ ಸ್ವಲ್ಪ ಬಗ್ಗಿ ವಾಪಸ್ ಬಂದರೆ ಸರಿ. ಪಿನ್ ಒಳಗೆ ಲೊಡಲೊಡ ಅಂದರೆ, ರಬ್ಬರ್ ಸೀಳಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹೊಳೆಯುತ್ತಿದ್ದರೆ ಅದರ ಕಾಲ ಮುಗಿಯಿತು. ಒಂದು ಹೋಗಿದ್ದರೆ ಉಳಿದವನ್ನೂ ಬಿಡದೆ ನೋಡಿ, ಅವೂ ಅಷ್ಟೇ ಲೋಡ್ ಹೊತ್ತಿವೆ ಅಲ್ವಾ.

ಬಿಚ್ಚುವಾಗ ಒಂದು ಸಲಕ್ಕೆ ಒಂದೇ ರಾಡ್. ಎಲ್ಲ ಒಟ್ಟಿಗೆ ಬಿಚ್ಚಿದರೆ ಹೌಸಿಂಗ್ ತಿರುಗಿಬಿಡುತ್ತದೆ, ಕೆಳಗೆ ಮಲಗಿದವರ ಕೈ ಹೋಗಬಹುದು. ಮೇಲಿನ ರಾಡ್ ತೆಗೆಯುವ ಮೊದಲು ಡಿಫರೆನ್ಷಿಯಲ್‌ನ (ಹೌಸಿಂಗ್ ನಡುವಿನ ಗೇರ್ ಉಂಡೆ) ಮೂತಿಗೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆಗೆ, ಜಾಕಿ ಕೊಡಿ. ದಿಮ್ಮಿ ಭದ್ರವಾಗಿದೆ ಅಂತ ನೋಡಿಕೊಂಡ ಮೇಲೆ ಪಾರ್ಕಿಂಗ್ ಬ್ರೇಕ್ ಬಿಟ್ಟರೆ ಬಿಗಿ ಸಡಿಲಾಗಿ ಬೋಲ್ಟ್ ಸಲೀಸಾಗಿ ಬರುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಏರ್ ಪೈಪ್ ಹತ್ತಿರ ಗ್ಯಾಸ್ ಬೆಂಕಿ ಬೇಡವೇ ಬೇಡ.

ರಾಡಿಗೂ ಬ್ರಾಕೆಟಿಗೂ ನಡುವೆ ತೆಳ್ಳಗಿನ ಶಿಮ್ ಇದ್ದರೆ ಎಷ್ಟಿವೆ, ಯಾವ ಕಡೆ ಇವೆ ಅಂತ ಫೋಟೋ ತೆಗೆದಿಡಿ. ಹೌಸಿಂಗ್ ನೇರ ಇಡುವುದೇ ಅವು, ಬೇಡದ ತಗಡು ಅಂತ ಎಸೆಯಬೇಡಿ. ಹೊಸ ರಾಡನ್ನು ಹಳೆಯದರ ಪಕ್ಕ ಇಟ್ಟು ಪಿನ್‌ನಿಂದ ಪಿನ್‌ಗೆ ಅಳೆಯಿರಿ.

ಬರೀ ಬುಷ್ ಹಾಕುವುದಾದರೆ ಪ್ರೆಸ್‌ನಲ್ಲೇ ಒತ್ತಿಸಿ. ಸುತ್ತಿಗೆಯಿಂದ ಹೊಡೆದರೆ ರಬ್ಬರ್ ಒಳಗೇ ಹರಿಯುತ್ತದೆ. ಜಾರಲು ಸಾಬೂನು ನೀರು ಸಾಕು, ಗ್ರೀಸ್ ಬೇಡ. ಎರಡು ತೂತಿನ ಪಿನ್ ಆದರೆ ಅದರ ಚಪ್ಪಟೆ ಮುಖ ಬ್ರಾಕೆಟ್ ಮೇಲೆ ಸರಿಯಾಗಿ ಕೂರುವಂತೆ ಮೊದಲೇ ತಿರುಗಿಸಿಕೊಳ್ಳಿ.

ಈಗ ಮುಖ್ಯವಾದ ಮಾತು. ಗಾಡಿ ಜಾಕಿ ಮೇಲಿದ್ದು ಹೌಸಿಂಗ್ ಜೋತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಪಿನ್ ಮತ್ತು ರಬ್ಬರ್ ಒಂದಕ್ಕೊಂದು ಅಂಟಿರುತ್ತವೆ. ಜೋತಾಡುವಾಗಲೇ ಬಿಗಿ ಮಾಡಿ ಗಾಡಿ ಇಳಿಸಿದರೆ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ಪ್ರತಿ ಗುಂಡಿಯಲ್ಲೂ ಇನ್ನಷ್ಟು ತಿರುಚಿ ಹರಿಯುತ್ತದೆ. ಪೀಸ್ ಡೂಪ್ಲಿಕೇಟ್ ಅಂತ ಅಂಗಡಿಯವರನ್ನು ಬೈಯುತ್ತೇವೆ, ಎಷ್ಟೋ ಸಲ ತಪ್ಪು ಇಲ್ಲಿರುತ್ತದೆ. ಬೋಲ್ಟ್ ಕೈಯಲ್ಲಿ ಕೂರಿಸಿ, ಗಾಡಿಯನ್ನು ನಾಲ್ಕು ಅಡಿ ಹಿಂದೆ ಮುಂದೆ ಓಡಿಸಿ, ಮತ್ತೆ ದಿಮ್ಮಿ ಇಟ್ಟು, ಭಾರವೆಲ್ಲ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿ. ಲಾಕ್ ನಟ್ ಹೊಸದೇ ಹಾಕಿ. ಪಿನ್ ಟೇಪರ್ (ತುದಿಗೆ ಹೋದಂತೆ ಸಣ್ಣಗಾಗುವಂಥದ್ದು) ಆಗಿದ್ದರೆ ಪಿನ್ನಿನ ಮುಖ, ಅದು ಕೂರುವ ತೂತಿನ ಮುಖ ಎರಡನ್ನೂ ಒರೆಸಿ ಒಣಗಿಸಿ, ಎಣ್ಣೆ ಹಚ್ಚಬೇಡಿ.

ಕೊನೆಗೆ ಎರಡು ಹೌಸಿಂಗ್‌ಗಳ ಹಬ್ ಮಧ್ಯದಿಂದ ಮಧ್ಯಕ್ಕೆ ಎಡಗಡೆ, ಬಲಗಡೆ ಅಳೆಯಿರಿ. 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನು ಗಾಡಿ ಬಿಡುವುದಿಲ್ಲ, ಅಲೈನ್‌ಮೆಂಟ್‌ಗೆ ಕಳಿಸುತ್ತೇನೆ. ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಡೆಯ ರಾಡ್ ಥ್ರೆಡ್ ಇರುವಂಥದ್ದು, ಅದನ್ನು ತಿರುಗಿಸಿ ಸರಿ ಮಾಡಬಹುದು. ಆಮೇಲೆ ಥ್ರೆಡ್ ತಿರುಗದಂತೆ ಹಿಡಿಯುವ ಕ್ಲಾಂಪ್ ಬೋಲ್ಟ್ ಬಿಗಿ ಮಾಡುವುದು ಮಾತ್ರ ಮರೆಯಬೇಡಿ.

ಒಂದೆರಡು ಲೋಡ್ ಹೊಡೆದ ಮೇಲೆ ಬೋಲ್ಟ್‌ಗಳನ್ನು ಮತ್ತೆ ರೆಂಚ್ ಹಾಕಿ ನೋಡಿ. ಆಗ ನಟ್‌ನಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದರೆ, ನಟ್ ತಿರುಗಿದ್ದರೆ ಡ್ರೈವರ್‌ಗೆ ನಿಂತಲ್ಲೇ ಕಾಣುತ್ತದೆ.