ಎಫ್40 ಮತ್ತು ಜಿಟಿ-ಆರ್: ಎರಡು ಕಾಲದ ಸೂಪರ್‌ಕಾರ್‌ಗಳನ್ನು ಹೋಲಿಸುವುದು ಹೇಗೆ?

ಎಫ್40 ಜೋರಾ, ಜಿಟಿ-ಆರ್ ಜೋರಾ ಅಂತ ವಾದಕ್ಕಿಳಿಯುವ ಮುಂಚೆ ಎರಡರ ಅಂಕಿಗಳನ್ನೂ ಒಂದೇ ಅಳತೆಗೆ ತನ್ನಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲು ಶಕ್ತಿ. ಇಟಲಿಯ ಫೆರಾರಿ ಎಫ್40 ಬಂದಿದ್ದು 1987ರಲ್ಲಿ, 478 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ). ಜಪಾನಿನ ನಿಸ್ಸಾನ್ ಜಿಟಿ-ಆರ್ ಆರ್35 ಬಂದಿದ್ದು 2007ರಲ್ಲಿ, 480 ಪಿಎಸ್. ಇಪ್ಪತ್ತು ವರ್ಷದ ಅಂತರ, ಶಕ್ತಿ ಮಾತ್ರ ಹೆಚ್ಚುಕಮ್ಮಿ ಒಂದೇ! ಕೆಲವು ಕಡೆ ಎಫ್40ಗೆ 471 ಅಂತ ಇರುತ್ತದೆ, ಗಾಬರಿ ಬೇಡ, ಅದು ಬಿಎಚ್‌ಪಿ (ಬ್ರಿಟಿಷ್ ಅಶ್ವಶಕ್ತಿ) ಲೆಕ್ಕ. 1.014ರಿಂದ ಗುಣಿಸಿದರೆ ಪಿಎಸ್ ಸಿಗುತ್ತದೆ. ಮಾದರಿ ಯಾವ ವರ್ಷದ್ದು ಅನ್ನೋದನ್ನೂ ನೋಡಿ. 2017ರ ಜಿಟಿ-ಆರ್ 570 ಪಿಎಸ್‌ಗೆ ಏರಿತ್ತು.

ಜಾಸ್ತಿ ಜನ ಎಡವುವುದು ತೂಕದಲ್ಲಿ. ಎಫ್40ಗೆ ಹೇಳುವ 1100 ಕೆಜಿ ಡ್ರೈ ವೇಯ್ಟ್, ಅಂದರೆ ಪೆಟ್ರೋಲು, ಆಯಿಲ್, ನೀರು ಯಾವುದೂ ಇಲ್ಲದ ತೂಕ. ಜಿಟಿ-ಆರ್‌ನ 1740 ಕೆಜಿ ಎಲ್ಲ ತುಂಬಿಸಿ ರಸ್ತೆಗಿಳಿಯುವಾಗಿನ ತೂಕ. ಎಫ್40ಗೂ ಎಲ್ಲ ತುಂಬಿಸಿದರೆ 1250 ಕೆಜಿ ಹತ್ತಿರ ಬರುತ್ತದೆ. ಆಮೇಲೆ ಭಾಗಿಸಿ: ಟನ್ನಿಗೆ ಎಫ್40ಗೆ ಸುಮಾರು 380 ಪಿಎಸ್, ಜಿಟಿ-ಆರ್‌ಗೆ 276.

ಇಷ್ಟು ವ್ಯತ್ಯಾಸ ಇದ್ದೂ ನಿಂತಲ್ಲಿಂದ ಗಂಟೆಗೆ ನೂರು ಕಿಮೀ ವೇಗ ಮುಟ್ಟುವುದರಲ್ಲಿ ಜಿಟಿ-ಆರ್ ಮುಂದೆ. ಯಾಕೆ? ನಾಲ್ಕೂ ಚಕ್ರ ಎಳೆಯುತ್ತವೆ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬದಲಿಸುತ್ತದೆ, ಉಳಿದಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎಫ್40ಯಲ್ಲಿ ಎಲ್ಲಾ ನಿಮ್ಮ ಕೈಕಾಲಿನದ್ದೇ ಕೆಲಸ: ಹಿಂದಿನ ಎರಡೇ ಚಕ್ರ, ಐದು ಗೇರು, ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಒಳಗಿಂದ ಬಾಗಿಲು ತೆಗೆಯಲು ಹಿಡಿ ಕೂಡ ಇಲ್ಲ, ಒಂದು ದಾರ ಎಳೆಯಬೇಕು. ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಹತ್ತಿರ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಎದ್ದಾಗ ಒಮ್ಮೆಲೇ ದಬ್ಬುತ್ತದೆ. ಮಜಾ ಅಂದರೆ ಎರಡು ಕಾರಿನಲ್ಲೂ ಟರ್ಬೊ ಜಪಾನಿನ ಐಎಚ್‌ಐ ಕಂಪನಿಯದ್ದು.

ಹಾಗಾಗಿ 0-100 ಅಂಕಿ ನೋಡಿ ತೀರ್ಪು ಕೊಡಬೇಡಿ, ಅದು ಹೆಚ್ಚಾಗಿ ಟೈರಿನ ಹಿಡಿತದ ಪರೀಕ್ಷೆ. ಕಾರು ಓಡುತ್ತಿರುವಾಗಿನ 100-200 ಸಮಯ ಹುಡುಕಿ, ತೂಕದ ಬೆಲೆ ಗೊತ್ತಾಗುವುದು ಅಲ್ಲಿ. ಅಮೆರಿಕದ ಪತ್ರಿಕೆಗಳ ಅಂಕಿಯಾದರೆ ಇನ್ನೊಂದು ಎಚ್ಚರ: ಅವು ಸಾಮಾನ್ಯವಾಗಿ ಮೊದಲ ಒಂದು ಅಡಿ ಓಡಿದ ಸಮಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದೂ ಅಲ್ಲದೆ ಅಳೆಯುವುದು ಗಂಟೆಗೆ 0-60 ಮೈಲಿ ವೇಗ, ಅಂದರೆ 96.6 ಕಿಮೀವರೆಗೆ. ಹಳೇ ಕಾರಿಗೆ ಈಗಿನ ಟೈರು ಹಾಕಿ ಮಾಡಿದ ಪರೀಕ್ಷೆಯನ್ನು ಬೇರೆಯೇ ಇಡಿ.

ಕೊನೆಗೆ, ವ್ಯತ್ಯಾಸಕ್ಕೆಲ್ಲ ಕಾಲವನ್ನೇ ಸುಮ್ನೆ ಬೈಯಬೇಡಿ. ಎರಡೂ ಕಾರುಗಳನ್ನು ಅವುಗಳ ಕಾಲದವರ ಪಕ್ಕದಲ್ಲೂ ನಿಲ್ಲಿಸಿ ನೋಡಿ. ಎಫ್40 ಬರುವ ಹೊತ್ತಿಗೇ ಜರ್ಮನಿಯ ಪೋರ್ಷೆ 959 ಇತ್ತು: ಎರಡು ಟರ್ಬೊ, 450 ಪಿಎಸ್, ನಾಲ್ಕು ಚಕ್ರದ ಎಳೆತ, ಎಬಿಎಸ್, ಎಲ್ಲಾ ಇತ್ತು. ನನ್ನ ಪ್ರಕಾರ ಜಿಟಿ-ಆರ್‌ನ ನಿಜವಾದ ಅಣ್ಣ ಅದೇ. ಫೆರಾರಿಯವರು ನಾಲ್ಕು ಚಕ್ರದ ಎಳೆತ, ಎಬಿಎಸ್ ಎರಡನ್ನೂ ಬೇಕಂತಲೇ ಬಿಟ್ಟರು.